ಕೈಗೆ ಬರುವ ಮೊದಲೇ ತೆಗೆದಿಟ್ಟದ್ದು

ಇಡೀ ಉದ್ಯೋಗ ಜೀವನವನ್ನು ನಾನು ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕಳೆದೆ. ಕರಾವಳಿಯ ಸಣ್ಣ ಪೇಟೆಗಳಲ್ಲಿ, ಘಟ್ಟದ ಮೇಲಿನ ಒಂದೆರಡು ಊರುಗಳಲ್ಲಿ, ಕೊನೆಗೆ ಬೆಂಗಳೂರಿನಲ್ಲಿ ಲೆಕ್ಕವಿಲ್ಲದಷ್ಟು ಪಾಸ್‌ಬುಕ್ಕುಗಳು ನನ್ನ ಕೈಯಲ್ಲಿ ಹಾದುಹೋಗಿವೆ. ಯಾರ ಮುಪ್ಪು ನೆಮ್ಮದಿಯದಾಗುತ್ತದೆ ಎಂಬುದನ್ನು ಅವರ ಸಂಬಳ ನೋಡಿ ಹೇಳಲು ಬರುವುದಿಲ್ಲ ಎಂದು ನಾನು ಕಲಿತದ್ದು ಅಲ್ಲಿ. ದೊಡ್ಡ ಹುದ್ದೆಯಿಂದ ನಿವೃತ್ತರಾದವರು ಹೆಂಡತಿಯ ಬಳೆ ಅಡವಿಡಲು ಬಂದದ್ದುಂಟು. ಜೀವಮಾನವಿಡೀ ಕೂಲಿ ಮಾಡಿದವರು ಮೊಮ್ಮಗಳ ಕಾಲೇಜು ಫೀಸಿಗೆಂದು ತಮ್ಮ ಠೇವಣಿಯ ಬಡ್ಡಿ ತೆಗೆದುಕೊಂಡು ಹೋದದ್ದೂ ಉಂಟು. ಈ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತ ಹೋದಾಗಲೆಲ್ಲ ನಾನು ಬಂದು ನಿಲ್ಲುವುದು ಒಂದೇ ಕಡೆ. ದುಡಿದ ಹಣ ಕೈಗೆ ಬರುವ ಮೊದಲೇ ಅದರಲ್ಲೊಂದು ಪಾಲು ಬೇರೆಯಾಗುವ ಏರ್ಪಾಡು ಯಾರಿಗಿತ್ತೋ ಅವರಿಗೆ ಮುಪ್ಪಿನ ಹಣ ಕೂಡಿತು. ಉಳಿದವರಲ್ಲೂ ಜಾಣರಿದ್ದರು, ಮಿತವ್ಯಯಿಗಳಿದ್ದರು. ಅವರಿಗೆ ಆ ಏರ್ಪಾಡು ಇರಲಿಲ್ಲ, ಅಷ್ಟೇ.

ನಮ್ಮ ಮನೆಯಲ್ಲೇ ಅದಕ್ಕೆ ಸಾಕ್ಷಿಯಿತ್ತು. ನನ್ನ ಅಮ್ಮ ಕಾರ್ಕಳದ ಬದಿಯ ಹಳ್ಳಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ನೆನೆಸಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ನೆರೆಯವರ ಜೊತೆ ಮಾತಾಡುತ್ತಿದ್ದರೂ, ಒಲೆಯ ಮೇಲಿನ ಗಂಜಿಯ ಕಡೆ ಕಣ್ಣಿದ್ದರೂ ಬೆರಳು ನಿಲ್ಲುತ್ತಿರಲಿಲ್ಲ. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಬೀಡಿ ಒಪ್ಪಿಸಬೇಕು. ಅಲ್ಲಿನ ಚೆಕ್ಕರ್ ಕಟ್ಟುಗಳನ್ನು ತಿರುಗಿಸಿ ನೋಡಿ ಸರಿಯಿಲ್ಲದ್ದನ್ನು ಬದಿಗೆ ಹಾಕುತ್ತಿದ್ದ. ಉಳಿದದ್ದಕ್ಕೆ ಲೆಕ್ಕ ಬರೆದು ಮರುದಿನದ ಎಲೆ, ಹೊಗೆಸೊಪ್ಪು ತೂಗಿ ಕೊಡುತ್ತಿದ್ದ. ವಾರದ ಕೂಲಿಯಲ್ಲಿ ಪಿಎಫ್ ಎಂದು ಒಂದಿಷ್ಟು ಮುರಿಯುತ್ತಿದ್ದರು. ಅಮ್ಮನಿಗೆ ಮೊದಮೊದಲು ಅದು ಅನ್ಯಾಯವಾಗಿಯೇ ಕಂಡಿತ್ತು. "ಕೊಡುವುದೇ ಇಷ್ಟು, ಅದರಲ್ಲಿಯೂ ಮುರಿಯುವುದು ಎಂತಕ್ಕೆ?" ಎಂದು ದಾರಿಯುದ್ದಕ್ಕೂ ಜೊತೆಯ ಹೆಂಗಸರಲ್ಲಿ ಹೇಳಿಕೊಂಡು ಬರುತ್ತಿದ್ದಳು.

ಆ ಮುರಿತದ ಹಿಂದೆ ಎಷ್ಟು ದೊಡ್ಡ ಹೋರಾಟವಿತ್ತೆಂದು ನನಗೆ ತಿಳಿದದ್ದು ಬ್ಯಾಂಕಿಗೆ ಸೇರಿದ ಮೇಲೆ. ಭವಿಷ್ಯ ನಿಧಿಯ ಕಾಯ್ದೆ ಬಂದದ್ದು 1952ರಲ್ಲಿ; ಬೀಡಿ ಉದ್ಯಮಕ್ಕೆ ಅದನ್ನು ವಿಸ್ತರಿಸಿದ್ದು 1977ರಲ್ಲಿ. ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರು ತಮ್ಮ ಕೆಲಸಗಾರರೇ ಅಲ್ಲ ಎಂದು ಮಾಲೀಕರು ಕೋರ್ಟಿನ ಮೆಟ್ಟಿಲೇರಿದರು. ಬ್ರಾಂಚಿನಲ್ಲಿ ಬೀಡಿಯನ್ನು ಪರೀಕ್ಷಿಸಿ ಒಪ್ಪುವ, ತಿರಸ್ಕರಿಸುವ ಅಧಿಕಾರ ಮಾಲೀಕರದ್ದಾಗಿರುವಾಗ ಕಟ್ಟುವವರು ಅವರ ನೌಕರರೇ ಎಂದು 1985ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗೆ ದಕ್ಷಿಣ ಕನ್ನಡದ ಮನೆ ಜಗಲಿಗಳಲ್ಲಿ ಕೂತ ಹೆಂಗಸರ ಹೆಸರಿನಲ್ಲೂ ಒಂದು ಖಾತೆ ಗಟ್ಟಿಯಾಯಿತು. ಅವರ ಪಾಲಿಗೆ ಮಾಲೀಕರ ಪಾಲು ಸೇರಿತು, ವರ್ಷವರ್ಷ ಬಡ್ಡಿ ಬಿತ್ತು.

ಅಪ್ಪ ಕಾಯಿಲೆ ಬಿದ್ದಾಗ ಮನೆಯಲ್ಲಿದ್ದ ತುಂಡು ಚಿನ್ನವೂ ಅಡವಿಗೆ ಹೋಯಿತು. ಅಕ್ಕನ ಮದುವೆಗೆ ಸೊಸೈಟಿಯ ಸಾಲ ಬಂತು. ಕಣ್ಣಿಗೆ ಕಾಣುವ, ಕೈಗೆ ಸಿಗುವ ಹಣವೆಲ್ಲ ಹೀಗೆ ಒಂದೊಂದು ಅಗತ್ಯದ ಬಾಯಿಗೆ ಹೋಯಿತು. ಪಿಎಫ್ ಮಾತ್ರ ಉಳಿಯಿತು. ಅದಕ್ಕೆ ಕೈ ಹಾಕಬೇಕಾದರೆ ಅರ್ಜಿ ಬರೆಯಬೇಕು, ಸಹಿ ಹಾಕಿಸಬೇಕು, ಮಂಗಳೂರಿನ ಕಚೇರಿಯವರೆಗೆ ಅಲೆಯಬೇಕು. ಆ ತೊಡಕೇ ಅಮ್ಮನ ಹಣವನ್ನು ಕಾಪಾಡಿತು. ಐವತ್ತೆಂಟು ತುಂಬಿದ ಮೇಲೆ ಅವಳ ಹೆಸರಿಗೆ ಬಂದ ಮೊತ್ತ ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಒಟ್ಟಿಗೆ ನೋಡಿರದಷ್ಟಿತ್ತು. ಅಣ್ಣ ಹಂಚಿನ ಮನೆಗೆ ಸ್ಲ್ಯಾಬ್ ಹಾಕಿಸೋಣ ಎಂದ. ಅಮ್ಮ ಕೇಳಿಸಿಕೊಂಡು, "ಅದು ನನ್ನದು, ನನ್ನ ಹೆಸರಿನಲ್ಲೇ ಇರಲಿ" ಎಂದಳು. ಅಂಚೆ ಕಚೇರಿಯ ತಿಂಗಳ ಆದಾಯದ ಯೋಜನೆಯಲ್ಲಿ ಅದನ್ನು ಇಟ್ಟೆವು. ಬಡ್ಡಿಯ ಜೊತೆ ಪಿಂಚಣಿಯೂ ಸೇರುತ್ತಿತ್ತು. 1995ರ ನವೆಂಬರಿನಲ್ಲಿ ಶುರುವಾದ ನೌಕರರ ಪಿಂಚಣಿ ಯೋಜನೆಯಿಂದ ಅವಳಿಗೆ ಸಿಗುತ್ತಿದ್ದುದು ಕೆಲವೇ ನೂರು ರೂಪಾಯಿ. 2014ರಲ್ಲಿ ಕನಿಷ್ಠ ಪಿಂಚಣಿ ಸಾವಿರವಾಯಿತು. ಸಾವಿರ ರೂಪಾಯಿಯಲ್ಲಿ ಯಾರ ತಿಂಗಳೂ ಸಾಗುವುದಿಲ್ಲ, ಅದು ಹೆಚ್ಚಬೇಕೆಂಬ ಬೇಡಿಕೆ ನ್ಯಾಯದ್ದೇ. ಆದರೆ ತನ್ನ ಮಾತ್ರೆಯನ್ನು ತಾನೇ ತರಿಸಿಕೊಳ್ಳುವ, ಊರ ದೈವದ ನೇಮಕ್ಕೆ ತನ್ನ ಕೈಯಿಂದಲೇ ಕಾಣಿಕೆ ಹಾಕುವ, ಮೊಮ್ಮಕ್ಕಳ ಕೈಗೆ ನೋಟು ಮಡಚಿ ಇಡುವ ಒಂದು ಗತ್ತು ಅಮ್ಮನಲ್ಲಿ ಕೊನೆಯವರೆಗೂ ಉಳಿದಿತ್ತು. ಮಕ್ಕಳು ನಾವು ಚೆನ್ನಾಗಿಯೇ ನೋಡಿಕೊಂಡೆವು. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದರೂ ಆ ಗತ್ತನ್ನು ನಾವು ಅವಳಿಗೆ ಕೊಡಲು ಸಾಧ್ಯವಿರಲಿಲ್ಲ.

ನಮ್ಮ ಪೇಟೆಯ ಅಂಗಡಿಯವರಿಗೆ, ಹೋಟೆಲಿನವರಿಗೆ, ಮೀನು ಮಾರುವವರಿಗೆ ಪಿಎಫ್ ಇರಲಿಲ್ಲ. ಅವರಿಗಿದ್ದುದು ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗ ನಂಬಿ ಸೋತ ನೇಕಾರರಿಗೆ ಆಸರೆಯಾಗಬೇಕೆಂಬ ಉದ್ದೇಶ ಅದರ ಹುಟ್ಟಿನಲ್ಲೇ ಇತ್ತು. ದಿನಗೂಲಿಯವರು ಬ್ಯಾಂಕಿಗೆ ಬರುವುದಿಲ್ಲ, ಬ್ಯಾಂಕೇ ಅವರ ಬಾಗಿಲಿಗೆ ಹೋಗಬೇಕು ಎಂದು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬಾಗಿಲಲ್ಲೇ ನಿಂತು ಪಡೆಯುತ್ತಿದ್ದರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕರಾವಳಿಯ ಬ್ಯಾಂಕುಗಳಲ್ಲಿ, ಸಹಕಾರಿ ಸಂಘಗಳಲ್ಲಿ ಅದು ಮನೆಮಾತಾಗಿತ್ತು.

ನಮ್ಮ ಶಾಖೆಯ ಪಿಗ್ಮಿ ಕಲೆಕ್ಟರ್ ಒಬ್ಬರ ಜೊತೆ ಹೊಸತರಲ್ಲಿ ನಾನೂ ಒಂದೆರಡು ಸಂಜೆ ಪೇಟೆ ಸುತ್ತಿದ್ದೇನೆ. ಹೆಗಲಿಗೆ ಚರ್ಮದ ಚೀಲ, ಕಂಕುಳಲ್ಲಿ ಕೊಡೆ, ಕೈಯಲ್ಲಿ ರಸೀದಿ ಪುಸ್ತಕ. ಅಂಗಡಿಗೆ ಗಿರಾಕಿ ಬಂದಿದ್ದರೆ ಬದಿಗೆ ನಿಂತು ಕಾಯುವರು. ವ್ಯಾಪಾರ ಇಲ್ಲದ ಮಳೆಗಾಲದ ದಿನ ಹೂವಿನ ಅಕ್ಕ "ಇವತ್ತು ಬೇಡ ಭಟ್ರೇ" ಎಂದರೆ, "ಎರಡು ರೂಪಾಯಿಯಾದರೂ ಕೊಡಿ ಅಕ್ಕ, ದಿನ ತಪ್ಪುವುದು ಬೇಡ" ಎನ್ನುವರು. ಮೊತ್ತದ ಬಗ್ಗೆ ಅವರಿಗೆ ಹಟವಿರಲಿಲ್ಲ, ದಿನ ತಪ್ಪಬಾರದೆಂಬ ಬಗ್ಗೆ ಇತ್ತು. ನಾಲ್ಕೈದು ವರ್ಷ ಕಳೆದು ಅದೇ ಅಕ್ಕ ಪೇಟೆ ಬದಿಯಲ್ಲಿ ಐದು ಸೆಂಟ್ಸ್ ಜಾಗ ಖರೀದಿಸುವಾಗ ಅಡ್ವಾನ್ಸ್ ಕೊಟ್ಟದ್ದು ಪಿಗ್ಮಿಯ ಹಣದಿಂದ. ಸಂಪತ್ತು ಬೆಳೆಯುವುದನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಹಾಗೆ.

ಇಡೀ ಪೇಟೆಗೆ ಉಳಿಸುವುದನ್ನು ಕಲಿಸಿದ ಆ ಭಟ್ಟರಿಗೆ ಮಾತ್ರ ಸಂಬಳವಿರಲಿಲ್ಲ, ಪಿಂಚಣಿಯಿರಲಿಲ್ಲ. ಕೂಡಿಸಿದ ಹಣದ ಮೇಲೆ ಕಮಿಷನ್, ಅಷ್ಟೇ. ಕಲೆಕ್ಟರುಗಳು ವರ್ಷಗಟ್ಟಲೆ ಹೋರಾಡಿದರು. ಅವರೂ ಕಾರ್ಮಿಕರೇ ಎಂದು 2001ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದಾಗ ಗ್ರಾಚ್ಯುಟಿಯ ದಾರಿ ತೆರೆಯಿತು. ಅಷ್ಟರೊಳಗೆ ಎಷ್ಟೋ ಮಂದಿ ಚೀಲ ಕೆಳಗಿಟ್ಟು ಬರಿಗೈಯಲ್ಲಿ ಮನೆಗೆ ಹೋಗಿದ್ದರು. ಉಳಿತಾಯದ ಅರಿವು ಅವರಿಗಿಂತ ಹೆಚ್ಚು ಯಾರಿಗಿತ್ತು? ಅರಿವೊಂದೇ ಸಾಕಾಗುವುದಿಲ್ಲ ಎನ್ನಲು ಆ ಭಟ್ಟರಿಗಿಂತ ದೊಡ್ಡ ಉದಾಹರಣೆ ನನಗೆ ಬೇಡ.

ಬ್ಯಾಂಕಿನೊಳಗಿನ ನಮಗೂ ಒಂದು ಪರೀಕ್ಷೆ ಬಂತು. 1995ರಲ್ಲಿ ಬ್ಯಾಂಕ್ ನೌಕರರಿಗೆ ಪಿಂಚಣಿ ಜಾರಿಯಾಯಿತು. ಪಿಂಚಣಿ ಬೇಕಾದರೆ ಪಿಎಫ್‌ನಲ್ಲಿ ಬ್ಯಾಂಕು ಹಾಕುವ ಪಾಲನ್ನು ಬಿಟ್ಟುಕೊಡಬೇಕು. ಊಟದ ಡಬ್ಬಿ ಬಿಚ್ಚಿದರೆ ಸಾಕು, ಅದೇ ಚರ್ಚೆ. ಆಗ ಬಡ್ಡಿ ಬಲು ಜೋರಿತ್ತು. ಪಿಪಿಎಫ್‌ಗೆ ನೂರಕ್ಕೆ ಹನ್ನೆರಡು. 1988ರಲ್ಲಿ ಬಂದ ಕಿಸಾನ್ ವಿಕಾಸ ಪತ್ರದಲ್ಲಿ ಐದೂವರೆ ವರ್ಷಕ್ಕೆ ಹಣ ದುಪ್ಪಟ್ಟು. "ಐದು ಲಕ್ಷ ಕೈಗೆ ಬಂದರೆ ತಿಂಗಳಿಗೆ ಐದು ಸಾವಿರ ಬಡ್ಡಿ, ಅಸಲು ಮಕ್ಕಳಿಗೆ. ಪಿಂಚಣಿ ಯಾರಿಗೆ ಬೇಕು ಮಾರಾಯ್ರೆ?" ಎಂದು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಬಡ್ಡಿ ಹಾಗೆಯೇ ಇರುತ್ತದೆ ಎಂಬ ನಂಬಿಕೆಯಲ್ಲಿ. 2000ದಿಂದ ಅದು ಇಳಿಯತೊಡಗಿತು. ಪಿಪಿಎಫ್ 2003ರ ಹೊತ್ತಿಗೆ ಎಂಟಕ್ಕೆ ಬಂತು, ಬ್ಯಾಂಕ್ ಠೇವಣಿ ಆರರ ಆಸುಪಾಸಿಗೆ ಇಳಿಯಿತು. ಐದು ಸಾವಿರದ ಜಾಗದಲ್ಲಿ ಎರಡೂವರೆ ಸಾವಿರ. ಅಕ್ಕಿಯ ಬೆಲೆ, ಔಷಧಿಯ ಬೆಲೆ ಮಾತ್ರ ಏರುತ್ತಲೇ ಇತ್ತು. ತುಟ್ಟಿಭತ್ಯೆ ಸೇರಿದ ಪಿಂಚಣಿ ಆರಿಸಿಕೊಂಡವರು ಆಗ ಉಸಿರಾಡಿದರು. ಪಿಎಫ್ ಆರಿಸಿಕೊಂಡವರಿಗೆ 2010ರ ಒಪ್ಪಂದದಲ್ಲಿ ಇನ್ನೊಮ್ಮೆ ಅವಕಾಶ ಸಿಕ್ಕಿತು. ಬ್ಯಾಂಕಿನ ಪಾಲನ್ನು ಹಿಂತಿರುಗಿಸಿ ಅವರು ಸಾಲುಸಾಲಾಗಿ ಪಿಂಚಣಿಗೆ ಬಂದರು.

ನಾನು ಮೊದಲ ಸಲವೇ ಪಿಂಚಣಿ ಬರೆದುಕೊಟ್ಟಿದ್ದೆ. ಬಡ್ಡಿದರ ಇಳಿಯುವುದನ್ನು ನಾನೇನೂ ಮುಂಗಂಡಿರಲಿಲ್ಲ. ಮುಪ್ಪಿನಲ್ಲಿ ತಿಂಗಳು ತಿಂಗಳು ತಪ್ಪದೆ ಬರುವ ಹಣ ಎಂತಹ ಧೈರ್ಯ ಕೊಡುತ್ತದೆ ಎನ್ನುವುದನ್ನು ಪಿಂಚಣಿದಾರರ ಮುಖದಲ್ಲಿ ಪ್ರತಿ ತಿಂಗಳ ಮೊದಲ ವಾರ ನೋಡುತ್ತಿದ್ದೆ. ಒಂದೇ ಗಂಟಿನಲ್ಲಿ ಬಂದ ಹಣ ಎಷ್ಟು ಬೇಗ ಕರಗುತ್ತದೆ ಎನ್ನುವುದನ್ನೂ ನೋಡುತ್ತಿದ್ದೆ. ಆ ತೊಂಬತ್ತರ ದಶಕದಲ್ಲೇ ನಮ್ಮ ಪೇಟೆಯಲ್ಲಿ ಫೈನಾನ್ಸ್ ಕಂಪನಿಗಳ ಬೋರ್ಡು ತಲೆಯೆತ್ತಿದ್ದವು. ಬ್ಯಾಂಕು ಹನ್ನೆರಡು ಎಂದರೆ ಅವರು ಹದಿನೆಂಟು, ಇಪ್ಪತ್ತನಾಲ್ಕು ಎನ್ನುತ್ತಿದ್ದರು. ಅವಧಿ ಮುಗಿಯುವ ಮೊದಲೇ ಎಫ್‌ಡಿ ಮುರಿಯಲು ಬಂದವರನ್ನು ಕೂರಿಸಿ, ಅಷ್ಟು ಬಡ್ಡಿ ಕೊಡಬೇಕಾದರೆ ಅವರು ಎಷ್ಟಕ್ಕೆ ಸಾಲ ಕೊಡಬೇಕು, ಅಷ್ಟು ಬಡ್ಡಿಗೆ ಸಾಲ ಪಡೆಯುವವರು ಎಂಥವರು ಎಂದು ಕೇಳುತ್ತಿದ್ದೆವು. ಕೆಲವರು ಕೂತು ಕೇಳಿದರು, ಕೆಲವರು ಎದ್ದು ಹೋದರು. ಒಂದು ಬೆಳಗ್ಗೆ ಅಂಥ ಒಂದು ಕಚೇರಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಮುಂದೆ ಜಮಾಯಿಸಿದವರಲ್ಲಿ ಹೆಚ್ಚಿನವರು ನಿವೃತ್ತರು. ದುಡಿಯುವ ವಯಸ್ಸಿನವರಿಗೆ ಕಳೆದುಕೊಂಡದ್ದನ್ನು ಮತ್ತೆ ಕೂಡಿಸಲು ಸಮಯವಿರುತ್ತದೆ, ಅವರಿಗೆ ಅದಿರಲಿಲ್ಲ. ಇಂದು ಬ್ಯಾಂಕಿನ ಠೇವಣಿಗೆ ಐದು ಲಕ್ಷ ರೂಪಾಯಿಯವರೆಗೆ ವಿಮೆ ಇದೆ. 2020ರ ಫೆಬ್ರುವರಿಯವರೆಗೆ ಅದು ಒಂದೇ ಲಕ್ಷವಿತ್ತು. ಮುಪ್ಪಿನ ಹಣ ಇಡುವ ಮುಂಚೆ ಇಂಥದ್ದನ್ನು ಕೇಳಿ ತಿಳಿದುಕೊಳ್ಳಲು ಯಾರೂ ಸಂಕೋಚಪಡಬಾರದು.

ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ನಿವೃತ್ತಿಯ ಹಣ ಜಮೆಯಾದ ವಾರವೇ ಹೆಂಡತಿಯ ಜೊತೆ ನನ್ನ ಕ್ಯಾಬಿನ್ನಿಗೆ ಬಂದದ್ದು ನೆನಪಿದೆ. ಜಿಪಿಎಫ್, ಗ್ರಾಚ್ಯುಟಿ, ಕಮ್ಯುಟೇಶನ್, ಕೆಜಿಐಡಿ, ಗಳಿಕೆ ರಜೆಯ ನಗದು ಎಲ್ಲ ಸೇರಿ ದೊಡ್ಡ ಮೊತ್ತ. ಇಡಿಯಾಗಿ ಬೆಂಗಳೂರಿನ ಮಗನ ಖಾತೆಗೆ ಕಳಿಸಬೇಕು, ಅವನು ಫ್ಲ್ಯಾಟ್ ತೆಗೆದುಕೊಳ್ಳುತ್ತಿದ್ದಾನೆ ಎಂದರು. ಫಾರಂ ತುಂಬಿಸುವ ಮೊದಲು ನಾನು ಅಮ್ಮನವರ ಕಡೆ ತಿರುಗಿ, "ನಿಮ್ಮ ಹೆಸರಿನಲ್ಲಿ ಎಂತ ಉಂಟು?" ಎಂದು ಕೇಳಿದೆ. ಅವರು ಗಂಡನ ಮುಖ ನೋಡಿದರು. ಮಾಸ್ಟ್ರು ಕಿಟಕಿಯ ಕಡೆ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಅಮ್ಮನವರೇ, "ಮಗನಿಗೆ ಅರ್ಧ ಕೊಡುವ, ಅವನಿಗೆ ಸಾಲ ಸಿಗುತ್ತದೆ. ನಮಗೆ ಯಾರು ಸಾಲ ಕೊಡುತ್ತಾರೆ?" ಎಂದರು. ನಾನು ಹೇಳಬೇಕೆಂದಿದ್ದ ಮಾತು ಅದು, ನನಗಿಂತ ಚೊಕ್ಕವಾಗಿ ಅವರ ಬಾಯಿಂದ ಬಂತು. ಓದಿಗೆ, ಮನೆಗೆ, ವ್ಯಾಪಾರಕ್ಕೆ ಸಾಲವಿದೆ. ಮುಪ್ಪಿಗೆ ಸಾಲ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. 2004ರಲ್ಲಿ ಬಂದ ಹಿರಿಯ ನಾಗರಿಕರ ಉಳಿತಾಯ ಯೋಜನೆ ಆಗಿನ್ನೂ ಹೊಸದು. ಬಡ್ಡಿ ನೂರಕ್ಕೆ ಒಂಬತ್ತು, ಮೂರು ತಿಂಗಳಿಗೊಮ್ಮೆ ಖಾತೆಗೆ ಜಮೆ. ಉಳಿದ ಹಣದಲ್ಲಿ ದೊಡ್ಡ ಪಾಲನ್ನು ಇಬ್ಬರ ಜಂಟಿ ಹೆಸರಿನಲ್ಲಿ ಅದಕ್ಕೆ ಹಾಕಿ, ಸ್ವಲ್ಪವನ್ನು ಅಮ್ಮನವರ ಹೆಸರಿನಲ್ಲೇ ಎಫ್‌ಡಿ ಮಾಡಿಸಿದರು. ಅಂದಿನಿಂದ ಯಾವ ದಂಪತಿ ಬಂದರೂ ನಾನು ಹೆಂಡತಿಯ ಹೆಸರಿನ ಬಗ್ಗೆ, ನಾಮಿನಿಯ ಬಗ್ಗೆ ಮೊದಲು ಕೇಳಿದೆ.

ಇಷ್ಟೆಲ್ಲ ಹೇಳಿದ ಮೇಲೆ, ಎಫ್‌ಡಿಯೊಂದೇ ಸಾಕೆಂದು ನಾನು ಇಂದಿನ ಮಕ್ಕಳಿಗೆ ಹೇಳಲಾರೆ. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಖರ್ಚು ದುಪ್ಪಟ್ಟಾಗುತ್ತದೆ, ಇಪ್ಪತ್ತನಾಲ್ಕು ವರ್ಷಕ್ಕೆ ನಾಲ್ಕು ಪಟ್ಟು. ಇಂದು ತಿಂಗಳಿಗೆ ಮೂವತ್ತು ಸಾವಿರದಲ್ಲಿ ಸಾಗುವ ಸಂಸಾರಕ್ಕೆ ಆಗ ಒಂದು ಲಕ್ಷದ ಇಪ್ಪತ್ತು ಸಾವಿರ ಬೇಕು. ತೆರಿಗೆ ಕಳೆದು ಉಳಿಯುವ ಬಡ್ಡಿ ಈ ಓಟಕ್ಕೆ ಸಾಲದು. ನನ್ನ ಮಗಳು ಕೆಲಸಕ್ಕೆ ಸೇರಿದಾಗ ಮ್ಯೂಚುವಲ್ ಫಂಡಿನ ಎಸ್‌ಐಪಿ ಮಾಡುತ್ತೇನೆ ಎಂದಳು. 1992ರ ಷೇರು ಹಗರಣ, 2001ರಲ್ಲಿ ಯುನಿಟ್ ಟ್ರಸ್ಟಿನ ಯುಎಸ್-64 ಯೋಜನೆ ಹಣ ವಾಪಸಾತಿ ನಿಲ್ಲಿಸಿದ್ದು, ಎರಡನ್ನೂ ಕೌಂಟರಿನಲ್ಲಿ ಕೂತು ಕಂಡವನು ನಾನು. ಆದರೂ ಅವಳ ಲೆಕ್ಕದಲ್ಲಿ ತೂಕವಿತ್ತು. ಸಂಬಳ ಬಿದ್ದ ಮರುದಿನವೇ ಖಾತೆಯಿಂದ ಹಣ ತಾನಾಗಿ ಹೋಗುತ್ತದೆ. ಹಲವು ಕಂಪನಿಗಳಲ್ಲಿ ಹಂಚಿಹೋಗುತ್ತದೆ. ಇಪ್ಪತ್ತೈದು ಮೂವತ್ತು ವರ್ಷ ಮುಟ್ಟುವ ಅಗತ್ಯವಿಲ್ಲ. ಅವಳಿಗೆ ನಾನು ಹೇಳಿದ್ದು ಮೂರೇ ಮಾತು. ಮೊದಲು ಆರು ತಿಂಗಳ ಖರ್ಚು ಕೈಗೆ ಸಿಗುವ ಕಡೆ ಇರಲಿ, ಆರೋಗ್ಯ ವಿಮೆ ಇರಲಿ. ಕೆಲಸ ಬದಲಿಸುವಾಗ ಪಿಎಫ್ ತೆಗೆಯಬೇಡ, ವರ್ಗಾಯಿಸು. ಷೇರು ಪೇಟೆ ಬಿದ್ದಾಗ ಕಂತು ನಿಲ್ಲಿಸಬೇಡ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅದೇ ವರ್ಷದ ಅಕ್ಟೋಬರಿನಲ್ಲಿ 8,500ರ ಆಸುಪಾಸಿಗೆ ಕುಸಿದಿತ್ತು. ಹೆದರಿ ಮಾರಿದವರ ನಷ್ಟ ಅಲ್ಲಿಗೇ ನಿಂತಿತು. ಕಂತು ಕಟ್ಟುತ್ತಲೇ ಇದ್ದವರಿಗೆ ಅಗ್ಗದಲ್ಲಿ ಸಿಕ್ಕ ಯುನಿಟ್ಟುಗಳು ಮುಂದೆ ಬೆಳೆದವು. ಅವಳ ಜೊತೆಯವರಲ್ಲಿ ಕೆಲವರು ಪ್ರತಿ ಕೆಲಸ ಬದಲಾವಣೆಗೂ ಪಿಎಫ್ ತೆಗೆದು ಬೈಕು, ಪ್ರವಾಸ ಎಂದು ಮುಗಿಸಿದ್ದಾರೆ. ನನ್ನ ಅಮ್ಮನ ಹಣವನ್ನು ಕಾಪಾಡಿದ ತೊಡಕು ಈಗಿಲ್ಲ. ಫೋನಿನಲ್ಲಿ ಬೆರಳು ಒತ್ತಿದರೆ ಆಯಿತು. ಹಾಗಾಗಿ ಆ ಬೇಲಿಯನ್ನು ಇಂದಿನವರು ತಾವೇ ಹಾಕಿಕೊಳ್ಳಬೇಕು.

ಬೇಗ ಶುರು ಮಾಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದರ ಬೆಲೆ ಎಷ್ಟೆಂದು ನಾನು ಜನರಿಗೆ ತೋರಿಸುತ್ತಿದ್ದುದು ಅಟಲ್ ಪಿಂಚಣಿ ಯೋಜನೆಯ ಕೋಷ್ಟಕದಲ್ಲಿ. 2015ರಲ್ಲಿ ಬಂದ ಈ ಯೋಜನೆಗೆ ಹದಿನೆಂಟರಿಂದ ನಲವತ್ತರೊಳಗಿನವರು ಸೇರಬಹುದು. ಅರವತ್ತಾದ ಮೇಲೆ ತಿಂಗಳಿಗೆ ಐದು ಸಾವಿರ ಪಿಂಚಣಿ ಬೇಕೆಂದರೆ, ಹದಿನೆಂಟರಲ್ಲಿ ಸೇರಿದವರು ಕಟ್ಟುವುದು ತಿಂಗಳಿಗೆ 210 ರೂಪಾಯಿ, ನಲವತ್ತರಲ್ಲಿ ಸೇರಿದವರು 1,454. ಮೊದಲಿನವರು ನಲವತ್ತೆರಡು ವರ್ಷದಲ್ಲಿ ಒಟ್ಟು ಕಟ್ಟುವುದು ಸುಮಾರು ಒಂದು ಲಕ್ಷದ ಆರು ಸಾವಿರ. ತಡವಾಗಿ ಬಂದವರು ಇಪ್ಪತ್ತೇ ವರ್ಷ ಕಟ್ಟಿದರೂ ಮೂರೂವರೆ ಲಕ್ಷದ ಹತ್ತಿರ. ಸಿಗುವುದು ಇಬ್ಬರಿಗೂ ಅದೇ ಐದು ಸಾವಿರ. ಮಿಕ್ಕದ್ದನ್ನು ಕಟ್ಟಿದ್ದು ಚಕ್ರಬಡ್ಡಿ. ನಮ್ಮ ಶಾಖೆಯ ಎದುರಿನ ಹೋಟೆಲಿನಲ್ಲಿ ಸಪ್ಲೈ ಮಾಡುತ್ತಿದ್ದ ಹುಡುಗರನ್ನು ಮಧ್ಯಾಹ್ನದ ಬಿಡುವಿನಲ್ಲಿ ಕರೆದು ಈ ಎರಡು ಸಾಲುಗಳ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ಬಡ್ಡಿಯ ಸೂತ್ರ ಹೇಳಿದರೆ ಆಕಳಿಸುತ್ತಿದ್ದ ಹುಡುಗರು ಇದನ್ನು ನೋಡಿದ ಕೂಡಲೇ ಆಧಾರ್ ಕಾರ್ಡು ತರಲು ಓಡುತ್ತಿದ್ದರು. ಐದು ಸಾವಿರ ಮುಂದೆ ಸಾಲದೆಂದು ನನಗೂ ಗೊತ್ತು. ಆದರೂ ಇಪ್ಪತ್ತು ವರ್ಷದ ಹುಡುಗನಿಗೆ ತನ್ನ ಅರವತ್ತನೆಯ ವಯಸ್ಸು ಮೊದಲ ಸಲ ಕಣ್ಣಿಗೆ ಕಟ್ಟುವುದು ಆ ಗಳಿಗೆಯಲ್ಲಿ.

ಈಗ ನಾನೂ ಪಿಂಚಣಿದಾರ. ಪ್ರತಿ ನವೆಂಬರಿನಲ್ಲಿ ಜೀವಂತವಿದ್ದೇನೆಂಬ ಪ್ರಮಾಣಪತ್ರ ಕೊಡುತ್ತೇನೆ, ತಿಂಗಳ ಕೊನೆಗೆ ಹಣ ಬರುತ್ತದೆ. ನನ್ನ ನಂತರ ಬಂದವರಿಗೆ ಈ ಭದ್ರತೆ ಇಲ್ಲ. ಕರ್ನಾಟಕ ಸರ್ಕಾರದ ನೌಕರಿಗೆ 2006ರ ಏಪ್ರಿಲ್‌ನಿಂದ, ಬ್ಯಾಂಕುಗಳಿಗೆ 2010ರ ಏಪ್ರಿಲ್‌ನಿಂದ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯವರು, ಅಂದರೆ ಎನ್‌ಪಿಎಸ್‌ನವರು. ಅವರ ಮುಪ್ಪು ಮಾರುಕಟ್ಟೆಯ ಏರಿಳಿತಕ್ಕೂ ಅವರದೇ ಶಿಸ್ತಿಗೂ ಕಟ್ಟುಬಿದ್ದಿದೆ. ಮನೆಬಾಗಿಲಿಗೆ ಊಟ ತಲುಪಿಸುವ ಹುಡುಗರಿಗೆ, ಆಟೋ ಕ್ಯಾಬ್ ಓಡಿಸುವವರಿಗೆ ಅಷ್ಟೂ ಇರಲಿಲ್ಲ. ಅವರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿದೆ. ಕೆಲಸಗಾರನಿಗೆ ಕಂಪನಿ ಕೊಡುವ ಹಣಕ್ಕೆ ತಕ್ಕಂತೆ ಶುಲ್ಕ ಹಿಡಿದು ಕಲ್ಯಾಣ ನಿಧಿಗೆ ಹಾಕುವುದು ಅದರ ತಿರುಳು. ಬೀಡಿ ಬ್ರಾಂಚಿನ ಹೆಂಗಸರಿಗೆ ಹಿಂದೆ ಸಿಕ್ಕ ನ್ಯಾಯದ ಮುಂದುವರಿಕೆಯಾಗಿ ನಾನು ಅದನ್ನು ಕಾಣುತ್ತೇನೆ. ಅದು ಹೇಳಿದಂತೆ ಜಾರಿಯಾಗಲೆಂದು ಬಯಸುತ್ತೇನೆ.

ಕಾನೂನು ತಲುಪದ ಕಡೆ ನಾವು ತಲುಪಬಹುದು. ನಮ್ಮ ಮನೆಗೆಲಸಕ್ಕೆ ಬರುವ ಲಕ್ಷ್ಮಕ್ಕನ ಸಂಬಳದ ಜೊತೆ ಅವರ ಹೆಸರಿನ ಪಿಂಚಣಿ ಖಾತೆಯ ಕಂತನ್ನೂ ನನ್ನ ಹೆಂಡತಿ ಕಟ್ಟುತ್ತಾಳೆ. ಕಂತು ಮೊದಲು ಹೋಗುತ್ತದೆ, ಸಂಬಳ ಆಮೇಲೆ. ಅಂಗಡಿಯಲ್ಲಿ ಇಬ್ಬರನ್ನು ಕೆಲಸಕ್ಕಿಟ್ಟುಕೊಂಡವರು, ತೋಟಕ್ಕೆ ಕಾಯಂ ಆಳುಗಳಿರುವವರು, ಕಾರಿಗೆ ಡ್ರೈವರ್ ಇರುವವರು ಇಷ್ಟನ್ನು ಮಾಡಬಹುದು. ಬ್ಯಾಂಕಿಗೆ ಒಮ್ಮೆ ಅವರ ಜೊತೆ ಹೋಗಿ ಬರಬೇಕು, ಅರ್ಧ ದಿನದ ಕೆಲಸ. ನಮ್ಮ ಸಂಬಳದಲ್ಲಿ ನಮ್ಮ ಮುಪ್ಪಿಗೆ ಒಂದು ಪಾಲು ತೆಗೆದಿಟ್ಟ ಮೇಲೆ, ನಮಗಾಗಿ ದುಡಿಯುವವರ ಮುಪ್ಪಿಗೂ ಒಂದು ಪಾಲು ತೆಗೆದಿಡುವುದು ನಮ್ಮ ಲೆಕ್ಕಕ್ಕೇ ಸೇರಿದ್ದು.